ಮೂರ್ಛೆರೋಗದ ಮಾತ್ರೆಗೂ ಒಂದು ಅಳತೆಯುಂಟು

ನಂಜುಂಡು ಜಗತ್ತನ್ನು ಕಾಯ್ದ ಸ್ವಾಮಿಯ ಕ್ಷೇತ್ರ ನಮ್ಮ ನಂಜನಗೂಡು. ಟಿಪ್ಪುವಿನ ಆನೆಯ ಕಣ್ಣು ಇಲ್ಲಿ ಗುಣವಾದುದರಿಂದ ಸ್ವಾಮಿಗೆ ‘ಹಕೀಮ್ ನಂಜುಂಡ’ನೆಂಬ ಹೆಸರು ಬಂದಿತೆಂದು ಹಿರಿಯರು ಹೇಳುವರು. ಅಳತೆ ಮೀರಿದ ಮದ್ದು ನಂಜಾಗುವುದೆಂಬುದು ಈ ಊರಿನವರಿಗೆ ಹೊಸ ಮಾತಲ್ಲ. ಆದರೂ ಮೂರ್ಛೆರೋಗದ ವಿಷಯದಲ್ಲಿ ನಾವು ಅದನ್ನು ಮರೆತೇ ನಡೆಯುತ್ತಿದ್ದೇವೆ.

ಮೂರ್ಛೆರೋಗವು ದೆವ್ವದ ಚೇಷ್ಟೆಯಲ್ಲ, ಮಿದುಳಿನ ರೋಗ. ಅದಕ್ಕೆ ಮದ್ದುಂಟು. ನಮ್ಮ ನೆರೆಯ ಯಳಂದೂರಿನಲ್ಲಿ ಡಾ. ಕೆ. ಎಸ್. ಮಣಿ ಮತ್ತು ಅವರ ಸಂಗಡಿಗರು ಹಳ್ಳಿಯ ರೋಗಿಗಳಿಗೆ ಫಿನೋಬಾರ್ಬಿಟಾಲ್, ಫೆನಿಟಾಯಿನ್ ಎಂಬ ಅಗ್ಗದ ಮಾತ್ರೆಗಳನ್ನು ಕೊಟ್ಟು ನಡೆಸಿದ ಅಧ್ಯಯನವು 2001ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಪ್ರಕಟವಾಯಿತು. ಈ ಸುಲಭ ಬೆಲೆಯ ಮದ್ದುಗಳಿಂದಲೇ ಹಳ್ಳಿಗಾಡಿನಲ್ಲಿಯೂ ಬಹುಮಂದಿಗೆ ಗುಣ ಕಾಣಬಹುದೆಂದು ಅದು ತೋರಿಸಿಕೊಟ್ಟಿತು. ಹಾಗಾದರೆ ನಮ್ಮ ಕೊರತೆ ಮದ್ದಿನದಲ್ಲ, ಅಳತೆಯದು.

ಫೆನಿಟಾಯಿನ್ 1938ರಿಂದ ಬಳಕೆಯಲ್ಲಿದೆ. ರಕ್ತದಲ್ಲಿ ಅದರ ಪ್ರಮಾಣ ಸಾಮಾನ್ಯವಾಗಿ ಒಂದು ಮಿಲಿಲೀಟರಿಗೆ 10ರಿಂದ 20 ಮೈಕ್ರೊಗ್ರಾಮ್ ಇರಬೇಕೆನ್ನುವರು. ಇದರ ಸ್ವಭಾವವೇ ವಿಚಿತ್ರ. ಕೆರೆಯ ತೂಬಿನಿಂದ ಹೊರಹೋಗುವ ನೀರಿಗೆ ಒಂದು ಮಿತಿಯಿದೆಯಷ್ಟೆ. ಒಳಬರುವ ನೀರು ಅದನ್ನು ತುಸು ಮೀರಿದರೂ ಕೆರೆ ಏರುತ್ತಲೇ ಹೋಗುವುದು. ನಮ್ಮ ಯಕೃತ್ತು ಈ ಮದ್ದನ್ನು ಕರಗಿಸುವ ಬಗೆಯೂ ಹಾಗೆಯೇ. ಅರ್ಧ ಮಾತ್ರೆ ಹೆಚ್ಚಿಸಿದರೂ ರಕ್ತದಲ್ಲಿ ಅದು ಬಲು ಮೇಲಕ್ಕೇರಬಹುದು.

ನನ್ನ ಸೋದರಮಾವನವರಿಗೆ ಆದುದು ಇದೇ. ಎರಡು ಸಲ ಮೂರ್ಛೆ ಬಂದಾಗ ಔಷಧಿ ಅಂಗಡಿಯವರೊಬ್ಬರು ಇನ್ನೊಂದು ಮಾತ್ರೆ ಸೇರಿಸಿಕೊಳ್ಳಿ ಎಂದರು. ಕೆಲವು ವಾರಗಳಲ್ಲಿ ಅವರ ನಾಲಿಗೆ ತೊದಲಿತು, ಕಾಲು ತಡವರಿಸಿತು. ಹೆಂಡವನ್ನು ಮುಟ್ಟದ ಮನುಷ್ಯನನ್ನು ಊರು ಕುಡುಕನೆಂದಿತು. ಅಕ್ಕಿ ಗಿರಣಿಯ ಕೂಲಿ ಹೋಯಿತು. ಕೊನೆಗೆ ಮೈಸೂರಿನ ವೈದ್ಯರು ರಕ್ತ ಪರೀಕ್ಷಿಸಿ, ಮದ್ದು ಮಿತಿ ಮೀರಿರುವುದನ್ನು ಕಂಡು, ಮಾತ್ರೆ ಇಳಿಸಿದರು. ಅವರು ನೆಟ್ಟಗೆ ನಡೆದರು. ಆದರೆ ಹೋದ ಮಾನವನ್ನು ತಂದುಕೊಡುವ ಪರೀಕ್ಷೆ ಯಾವುದೂ ಇಲ್ಲ.

ಇದಕ್ಕೆ ಹೆದರಿ ಮಾತ್ರೆ ಬಿಡುವುದು ಇನ್ನೂ ಅಪಾಯ. ಶಿವರಾತ್ರಿಯ ಉಪವಾಸವೆಂದೋ ಹರಕೆಯೆಂದೋ ಥಟ್ಟನೆ ನಿಲ್ಲಿಸಿದರೆ ಬಿಡದೆ ಮೂರ್ಛೆ ಬಂದು ಪ್ರಾಣಕ್ಕೇ ಎರವಾಗಬಹುದು. ಬೇರೆ ಮದ್ದುಗಳೂ ಲೆಕ್ಕ ಕೆಡಿಸುವುವು: ಕ್ಷಯಕ್ಕೆ ಕೊಡುವ ಐಸೋನಿಯಾಜಿಡ್ ಇದನ್ನು ಏರಿಸಬಲ್ಲದು, ರಿಫಾಂಪಿಸಿನ್ ಇಳಿಸಬಲ್ಲದು. ಗರ್ಭಿಣಿಯರಲ್ಲಿ ಪ್ರಮಾಣ ಕುಗ್ಗುವುದುಂಟು.

ಹಾಗೆಂದು ಎಲ್ಲರಿಗೂ ತಿಂಗಳು ತಿಂಗಳು ಪರೀಕ್ಷೆ ಬೇಕೆಂದು ನಾನು ವಾದಿಸುವುದಿಲ್ಲ. ಅಂಕಿ ಹತ್ತಕ್ಕಿಂತ ಕಡಿಮೆಯಿದ್ದೂ ಮೂರ್ಛೆ ಬಾರದೆ ಸುಖವಾಗಿರುವವರಿಗೆ ಮಾತ್ರೆ ಹೆಚ್ಚಿಸುವುದು ತರವಲ್ಲ. ವೈದ್ಯರು ನೋಡಬೇಕಾದುದು ಮೊದಲು ರೋಗಿಯನ್ನು, ಆಮೇಲೆ ಅಂಕಿಯನ್ನು. ಆದರೆ ಮೂರ್ಛೆ ನಿಲ್ಲದಾಗ, ತೊದಲು ತೂಕಡಿಕೆ ಕಂಡಾಗ, ಮದ್ದು ಬದಲಾದಾಗ ಪರೀಕ್ಷೆ ಬೇಕೇ ಬೇಕು. ಬೆಳಗಿನ ಮಾತ್ರೆ ನುಂಗುವ ಮುನ್ನ ರಕ್ತ ಕೊಟ್ಟರೆ ಲೆಕ್ಕ ಸರಿಯಾಗಿ ತಿಳಿಯುವುದು.

ಆದುದರಿಂದ ನಂಜನಗೂಡು, ತಿರುಮಕೂಡಲು ನರಸೀಪುರಗಳ ಸರ್ಕಾರಿ ಆಸ್ಪತ್ರೆಗಳಲ್ಲಿಯೇ ಮುಂಜಾನೆ ರಕ್ತ ತೆಗೆದು, ಪರೀಕ್ಷೆಗೆ ಮೈಸೂರಿಗೆ ಕಳುಹಿಸಿ, ಫಲಿತಾಂಶವನ್ನು ಇಲ್ಲಿಯೇ ತಿಳಿಸುವ ಏರ್ಪಾಡು ಯಾವ ಬಡವನಿಗೂ ತಪ್ಪದಂತಿರಬೇಕು. ರಕ್ತದ ಸೀಸೆ ಬಸ್ಸು ಹತ್ತಲಿ. ಒಂದು ದಿನದ ಕೂಲಿ ಬಿಟ್ಟು ರೋಗಿ ಹತ್ತಬೇಕಾಗಿಲ್ಲ.

ಸಹಪಾಠಿಗಳಲ್ಲಿಯೂ ನನ್ನದೊಂದು ಬಿನ್ನಹ. ನಮ್ಮಲ್ಲಿ ಅನೇಕರು ಮನೆಯಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗರು. ಊರಿನಲ್ಲಿ ಔಷಧಿಯ ಚೀಟಿಯನ್ನು ನಮ್ಮ ಕೈಗೇ ಕೊಡುವರು. ಅದನ್ನು ಓದಿ ಹೇಳೋಣ; ಯಾವ ಮಾತ್ರೆ, ಎಷ್ಟು, ಯಾವ ಹೊತ್ತಿಗೆ ಎಂದು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡೋಣ. ಏರಿಸುವ ಇಳಿಸುವ ಮಾತನ್ನು ಮಾತ್ರ ವೈದ್ಯರಿಗೇ ಬಿಡೋಣ. ಕಾಲು ತಡವರಿಸುವವನನ್ನು ಕಂಡರೆ ಕುಡುಕನೆನ್ನುವ ಮುನ್ನ, ಯಾವ ಮಾತ್ರೆ ನುಂಗುತ್ತಿದ್ದೀರಿ ಎಂದು ಕೇಳುವಷ್ಟಾದರೂ ನಮ್ಮ ಓದು ಉಪಯೋಗಕ್ಕೆ ಬರಲಿ.