ಎಲ್ 4 ಎಲ್ಲೈತ್ರಿ?

ಬೋಧನಾಭ್ಯಾಸದ ಎರಡನೆಯ ವಾರ ಮೂಡಲಗಿ ಕಡೆಯ ಒಂದು ಪ್ರೌಢಶಾಲೆಯಲ್ಲಿ ಬೆನ್ನೆಲುಬಿನ ಪಾಠ ಮಾಡಿದೆ. ಕುತ್ತಿಗೆಯ ಗ್ರೀವಾ ಕಶೇರುಮಣಿಗಳು 7, ಎದೆಯ ಭಾಗದವು 12, ಕಟಿಯವು 5, ತ್ರಿಕದವು 5, ಅನುತ್ರಿಕದವು ಸಾಮಾನ್ಯವಾಗಿ 4, ಒಟ್ಟು 33. ಕೊನೆಯ ಎರಡು ಗುಂಪುಗಳು ಬೆಸೆದುಕೊಳ್ಳುವುದರಿಂದ ದೊಡ್ಡವರಲ್ಲಿ ಎಣಿಕೆಗೆ ಸಿಗುವುದು 26. ಮಕ್ಕಳು ಒಕ್ಕೊರಲಿನಿಂದ ಒಪ್ಪಿಸಿದರು, ನಾನೂ ಬೀಗಿದೆ.

ಮರುದಿನ ಒಬ್ಬ ಹುಡುಗಿ ತನ್ನ ಅಪ್ಪನ ಸ್ಕ್ಯಾನ್ ವರದಿ ತಂದಳು. ಕಬ್ಬಿನ ಹೊರೆ ಹೊತ್ತು ಟ್ರ್ಯಾಕ್ಟರ್ ತುಂಬುವವರು ಅವರು. "ಸರ್, ಎಲ್ 4, ಎಲ್ 5 ಅಂತ ಬರದಾರ. ನೀವು ಹೇಳಿದ್ದರಾಗ ಇದು ಎಲ್ಲೈತ್ರಿ?"

ಅವಳ ಮನೆಯಲ್ಲಿ ಅದು ಟೊಂಕ, ವರದಿಯಲ್ಲಿ ಲಂಬರ್, ನನ್ನ ಚಾರ್ಟಿನಲ್ಲಿ ಕಟಿ. ಮನೆಯಲ್ಲೂ ದವಾಖಾನೆಯಲ್ಲೂ ಕೇಳಿಸದ ಹೆಸರೊಂದನ್ನೇ ನಾನು ಕಲಿಸಿದ್ದೆ. ಗೋಕಾಕ, ಹುಕ್ಕೇರಿಯ ಶಾಲೆಗಳಿಗೆ ಹೋದ ಗೆಳೆಯರ ಪಾಠಯೋಜನೆಗಳನ್ನೂ ನೋಡಿದೆ. ಪೂರ್ವಜ್ಞಾನದ ಅಂಕಣದಲ್ಲಿ ಎಲ್ಲರದೂ ಒಂದೇ ವಾಕ್ಯ: "ವಿದ್ಯಾರ್ಥಿಗಳಿಗೆ ಮೂಳೆಗಳ ಬಗ್ಗೆ ತಿಳಿದಿದೆ." ಏನು ತಿಳಿದಿದೆ, ಯಾವ ಮಾತಿನಲ್ಲಿ ತಿಳಿದಿದೆ ಎಂದು ಯಾರೂ ಕೇಳಿಲ್ಲ.

ಪಾರಿಭಾಷಿಕ ಪದ ಬೇಡವೆಂದು ನಾನು ಹೇಳುತ್ತಿಲ್ಲ. ಪರೀಕ್ಷೆಗೆ ಕಟಿ ಬೇಕು. ಆದರೆ ಅದರ ಪಕ್ಕದಲ್ಲೇ ಟೊಂಕವನ್ನೂ ಲಂಬರನ್ನೂ ಬರೆಯಲು ಎಷ್ಟು ಹೊತ್ತು ಬೇಕು? ಸಿ ಎಂದರೆ ಸರ್ವೈಕಲ್, ಟಿ ಎಂದರೆ ಥೊರಾಸಿಕ್ (ಕೆಲವು ವೈದ್ಯರು ಡಾರ್ಸಲ್ ಎಂದು ಡಿ ಬರೆಯುತ್ತಾರೆ), ಎಲ್ ಎಂದರೆ ಲಂಬರ್. ಅಂಕಿ ಮೇಲಿನಿಂದ ಕೆಳಕ್ಕೆ ಎಣಿಸಿದ್ದು. ಇಷ್ಟು ಗೊತ್ತಾದರೆ ಮಗು ಮನೆಯ ಕಾಗದವನ್ನು ಓದಬಲ್ಲದು. ಹೆಸರುಗಳಲ್ಲಿ ಕಥೆಯೂ ಇದೆ. ಅನುತ್ರಿಕದ ಇಂಗ್ಲಿಷ್ ಹೆಸರು ಕಾಕ್ಸಿಕ್ಸ್, ಗ್ರೀಕಿನಲ್ಲಿ ಕೋಗಿಲೆ. ಆ ಎಲುಬು ಅದರ ಕೊಕ್ಕಿನಂತಿದೆಯೆಂದು ಹಾಗೆ ಕರೆದರು.

ಇನ್ನೊಂದು ಗೊಂದಲ ಇದಕ್ಕಿಂತ ಅಪಾಯದ್ದು. ಬೆನ್ನೆಲುಬು, ಬೆನ್ನುಹುರಿ ಎರಡೂ ಒಂದೇ ಎಂದು ತರಗತಿಯ ಅರ್ಧಕ್ಕರ್ಧ ಮಕ್ಕಳು ಬರೆದಿದ್ದರು. ಹುರಿ ಎಂದರೆ ಮಣಿಗಳ ರಂಧ್ರಗಳೊಳಗೆ ಇಳಿಯುವ ನರದ ಹಗ್ಗ. ದೊಡ್ಡವರಲ್ಲಿ ಸುಮಾರು ಎಲ್ 1, ಎಲ್ 2ರ ಹತ್ತಿರ ಮುಗಿಯುತ್ತದೆ, ಅಲ್ಲಿಂದ ಕೆಳಗೆ ನರಗಳ ಬೇರುಗಳಷ್ಟೇ. ಟ್ರ್ಯಾಕ್ಟರ್ ಮೇಲಿಂದ ಬಿದ್ದವನನ್ನು ಕೈಕಾಲು ಹಿಡಿದು ಎತ್ತಿದರೆ ಮುರಿದ ಮಣಿ ಹುರಿಗೆ ಚುಚ್ಚಬಹುದು. ಕಬ್ಬಿನ ಊರುಗಳಲ್ಲಿ ಇದನ್ನು ಒಂದು ಅಂಕದ ವ್ಯತ್ಯಾಸವೆಂದು ಬಿಡಲಾದೀತೇ?

ಮುಂದಿನ ಅವಧಿಗೆ ಚಾರ್ಟು ಒಯ್ಯಲಿಲ್ಲ. ತಲೆ ಬಗ್ಗಿಸಿ ಕುತ್ತಿಗೆಯ ಬುಡದಲ್ಲಿ ಉಬ್ಬಿದ ಎಲುಬು ಮುಟ್ಟಿಕೊಳ್ಳಿ ಎಂದೆ. ಸಾಮಾನ್ಯವಾಗಿ ಅದು ಸಿ 7. ಆಮೇಲೆ ಟೊಂಕದ ಎಲುಬಿನ ಮೇಲಂಚಿನಲ್ಲಿ ಕೈಯಿಟ್ಟು ಹೆಬ್ಬೆರಳುಗಳನ್ನು ಹಿಂದೆ ಕೂಡಿಸಿದರು. ಅವು ಸೇರುವುದು ಎಲ್ 4ರ ಆಸುಪಾಸು.

"ಅಪ್ಪ ಕೈ ಒತ್ತಿ ಹಿಡ್ಕೊಳ್ಳೋದು ಇಲ್ಲೇರಿ ಸರ್" ಎಂದಳು ಆ ಹುಡುಗಿ. ಈ ಅವಧಿಗೆ ವೀಕ್ಷಕರು ಬಂದಿರಲಿಲ್ಲ. ಅದಕ್ಕೆ ಅಂಕವೂ ಇಲ್ಲ.