ಮರೆವು ಆವರಿಸುವ ಮುನ್ನ ನಾಲ್ಕು ಹೆಜ್ಜೆ

ಮಹಾನಗರದ ಕನ್ನಡ ಸಂಘಗಳನ್ನು ಬೆವರು ಸುರಿಸಿ ಬೆಳೆಸಿದ ತಲೆಮಾರಿನ ಬಹುತೇಕರು ಈಗ ಎಪ್ಪತ್ತು ದಾಟಿದ್ದಾರೆ. ಹೇಳಿದ್ದನ್ನೇ ಮತ್ತೆ ಹೇಳುವುದು, ಮಾತ್ರೆ ನುಂಗಿದ್ದು ಮರೆಯುವುದು, ಪಿಂಚಣಿ ಪಡೆಯಲು ಬಂದು ಬ್ಯಾಂಕಿನ ಕೌಂಟರಿನಲ್ಲಿ ಸಹಿಗೆ ತಡವರಿಸುವುದು, ಇವೆಲ್ಲವನ್ನೂ ಮನೆಮಂದಿ 'ವಯಸ್ಸಾಯಿತು' ಎಂದು ತಳ್ಳಿಹಾಕುವುದೇ ಹೆಚ್ಚು.

ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಂಡರೂ ನೆನಪು ವಯಸ್ಸಿಗೆ ಮೀರಿ ಕುಗ್ಗುವ ಸ್ಥಿತಿಯನ್ನು ವೈದ್ಯರು 'ಎಂಸಿಐ' ಎನ್ನುತ್ತಾರೆ. ಇದು ಡಿಮೆನ್ಷಿಯಾ ಅಲ್ಲ, ಆದರೆ ಅತ್ತ ಜಾರುವ ಅಪಾಯ ಇತರರಿಗಿಂತ ಹೆಚ್ಚು. ಕೆಲವರು ಸುಧಾರಿಸುವುದೂ ಉಂಟು. 2023ರಲ್ಲಿ ಪ್ರಕಟವಾದ ರಾಷ್ಟ್ರೀಯ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 60 ದಾಟಿದವರ ಪೈಕಿ ಶೇ. 7.4 ಮಂದಿ, ಅಂದರೆ ಸುಮಾರು 88 ಲಕ್ಷ ಜನ ಡಿಮೆನ್ಷಿಯಾ ಪೀಡಿತರು. ಆದ್ದರಿಂದ ಹೊಸ್ತಿಲಲ್ಲಿರುವವರ ಬಗ್ಗೆ ಕಾಳಜಿ ಅಗತ್ಯ.

ಈ ಮರೆವನ್ನು ಪೂರ್ತಿ ಗುಣಪಡಿಸುವ ಮಾತ್ರೆ ಇಲ್ಲ. ಅಮೆರಿಕದ ನರರೋಗ ತಜ್ಞರ ಅಕಾಡೆಮಿ 2018ರಲ್ಲಿ ಇಂಥವರಿಗೆ ವಾರಕ್ಕೆ ಎರಡು ಬಾರಿ ವ್ಯಾಯಾಮ ಸೂಚಿಸಿತು. 2025ರಲ್ಲಿ ವರದಿ ಪ್ರಕಟಿಸಿದ ಅಲ್ಲಿನ 'ಎಕ್ಸರ್ಟ್' ಪ್ರಯೋಗದಲ್ಲಿ ಎಂಸಿಐ ಇದ್ದ ಸುಮಾರು 300 ಹಿರಿಯರನ್ನು ಎರಡು ಗುಂಪು ಮಾಡಲಾಗಿತ್ತು. ಒಂದು ಗುಂಪಿಗೆ ಉಸಿರು ಏರಿಸುವ ವ್ಯಾಯಾಮ, ಇನ್ನೊಂದಕ್ಕೆ ಕೈಕಾಲು ಚಾಚುವ, ಸಮತೋಲನದ ಹಗುರ ವ್ಯಾಯಾಮ. ವರ್ಷದ ಕೊನೆಗೆ ಎರಡೂ ಗುಂಪುಗಳ ಬುದ್ಧಿಶಕ್ತಿ ಕುಸಿದಿರಲಿಲ್ಲ.

ವ್ಯಾಯಾಮವನ್ನೇ ಮಾಡದ ಗುಂಪು ಆ ಪ್ರಯೋಗದೊಳಗೆ ಇರಲಿಲ್ಲ. ಆದುದರಿಂದ ನಡಿಗೆಯೇ ಮದ್ದು ಎಂದು ಘೋಷಿಸುವುದು ಸರಿಯಲ್ಲ. ಆದರೆ ಗಮನಾರ್ಹ ಅಂಶವೆಂದರೆ ಎರಡೂ ಗುಂಪುಗಳಿಗೆ ತರಬೇತುದಾರರ ಒಡನಾಟ, ತಪ್ಪದ ವೇಳಾಪಟ್ಟಿ ದೊರಕಿತ್ತು. ವೇಗಕ್ಕಿಂತ ನಿಯಮ ಮತ್ತು ಜೊತೆ ಮುಖ್ಯವಿರಬಹುದು ಎಂಬ ಸುಳಿವು ಇಲ್ಲಿದೆ.

ನಮ್ಮ ಹಿರಿಯರಿಗೆ ಕೊರತೆಯಾಗಿರುವುದೂ ಇವೇ. ಮಕ್ಕಳು ಬೆಳಗಿನ ಲೋಕಲ್ ಹಿಡಿದರೆ ಮರಳುವುದು ರಾತ್ರಿ. ಫುಟ್‌ಪಾತಿನಲ್ಲಿ ಕಾಲಿಡಲು ಜಾಗವಿಲ್ಲ, ದಾರಿ ತಪ್ಪುವ ಭಯ ಬೇರೆ. ಒಬ್ಬರೇ ನಡೆಯಲಿ ಎನ್ನುವುದು ಕಾರ್ಯಸಾಧ್ಯವಲ್ಲ.

ವಾರ್ಷಿಕೋತ್ಸವದಲ್ಲಿ ಶಾಲು ಹೊದಿಸಿ ಹಿರಿಯರನ್ನು ಕುರ್ಚಿಯಲ್ಲಿ ಕೂರಿಸುವ ಸಂಘಗಳು ವಾರಕ್ಕೆ ಮೂರು ದಿನ ಅವರನ್ನು ಹತ್ತಿರದ ಉದ್ಯಾನಕ್ಕೆ ಕರೆದೊಯ್ಯಲಿ. ಇಬ್ಬರು ಯುವ ಸದಸ್ಯರು, ಜೇಬಿನಲ್ಲಿ ಮನೆಯ ಫೋನ್ ನಂಬರು, ಊರಿನ ಮಾತು, ಇಷ್ಟು ಸಾಕು. ಮೊದಲು ವೈದ್ಯರ ಸಲಹೆ ಇರಲಿ. ಬಿ12 ಕೊರತೆ, ಥೈರಾಯ್ಡ್ ತೊಂದರೆಯಿಂದಲೂ ಮರೆವು ಬರುತ್ತದೆ, ಅದಕ್ಕೆ ಚಿಕಿತ್ಸೆಯಿದೆ. ಕಾರ್ಯಕಾರಿ ಸಮಿತಿಗಳ ಮುಂದಿನ ಸಭೆಯಲ್ಲಿ ಈ ವಿಷಯ ಚರ್ಚೆಗೆ ಬರಲಿ.