ದಾಸೋಹದ ಕಾಲುವೆ ತುದಿ ಮುಟ್ಟಲಿ

ಮೂವತ್ತು ವರ್ಷಕ್ಕೂ ಮಿಕ್ಕಿ ನಾನು ನೀರಾವರಿ ಇಲಾಖೆಯಲ್ಲಿ ಇಂಜಿನಿಯರ್ ಆಗಿದ್ದೆ. ಕಾಲುವೆ ಕೆಲಸ ಮಾಡಿದವರಿಗೆಲ್ಲ ಇದು ಗೊತ್ತು: ತೂಬಿನ ಹತ್ತಿರದವನ ಹೊಲದಲ್ಲಿ ಕಬ್ಬು ನಿಂತಿರುತ್ತದೆ, ತುದಿಯವನ ಹೊಲ ಒಣಗಿರುತ್ತದೆ. ಜಲಾಶಯ ತುಂಬಿದ ವರ್ಷವೂ ಹಾಗೆಯೇ. 2020ರ ಏಪ್ರಿಲ್‌ನಲ್ಲಿ, ಲಾಕ್‌ಡೌನ್ ಹೊತ್ತಿನಲ್ಲಿ, ನಮ್ಮ ಮಚ್ಛೆಯಲ್ಲಿ ಅನ್ನದ ವಿಷಯದಲ್ಲೂ ಅದನ್ನೇ ಕಂಡೆ.

ಬಳಗದವರು ಹತ್ತು ಹನ್ನೆರಡು ಜನ ಸೇರಿ ಅಕ್ಕಿ, ಜೋಳದ ಹಿಟ್ಟು, ತೊಗರಿಬೇಳೆ, ಎಣ್ಣೆ ಹಾಕಿ ಚೀಲ ಕಟ್ಟಿದೆವು. ಪಟ್ಟಿ ಮಾಡುವ ಹೊಣೆ ನನ್ನದು. ರೇಷನ್ ಕಾರ್ಡ್ ನೋಡಿ ಬರೆದುಕೊಂಡೆ, ಲೆಕ್ಕ ಅಚ್ಚುಕಟ್ಟಾಗಿತ್ತು. ಆದರೆ ಖಾನಾಪುರ ರಸ್ತೆಗೆ ಹತ್ತಿದ ಮನೆಗಳಿಗೆ ಎರಡೆರಡು ಚೀಲ ಹೋದವು. ಬೇರೆಯವರೂ ಅಲ್ಲೇ ಹಂಚುತ್ತಿದ್ದರು. ಕಾರ್ಖಾನೆಗಳ ಹಿಂದೆ ತಗಡಿನ ಶೆಡ್ಡುಗಳಲ್ಲಿ ಸಿಕ್ಕಿಬಿದ್ದಿದ್ದ ಬಿಹಾರ, ಉತ್ತರ ಪ್ರದೇಶದ ಹುಡುಗರ ಹತ್ತಿರ ಇಲ್ಲಿಯ ಕಾರ್ಡೇ ಇರಲಿಲ್ಲ. ನನ್ನ ಪಟ್ಟಿಯಲ್ಲಿ ಅವರು ಮನುಷ್ಯರೇ ಆಗಿರಲಿಲ್ಲ.

ಇನ್ನೊಬ್ಬರು, ನಮ್ಮ ಓಣಿಯ ಹಿಂದಿನ ಒಬ್ಬಂಟಿ ಅಜ್ಜಿ. ಪಟ್ಟಿಯಲ್ಲಿ ಹೆಸರಿತ್ತು, ಸಾಲಿಗೆ ಬರಲಿಲ್ಲ. ಎರಡು ದಿನ ಬಿಟ್ಟು ಹೋಗಿ ಕೇಳಿದೆ. "ಫೋಟೋ ತಗೀತಾರಂತಲ್ರೀ ಸಾಹೇಬ್ರ. ಪುಣೇದಾಗ ಮೊಮ್ಮಕ್ಕಳು ನೋಡಿದ್ರ ಏನಂದಾರು?" ಅಂದರು. ಫೋಟೋ ತೆಗೆಯುತ್ತಿದ್ದವನು ನಾನೇ.

ಆಯ್ದಕ್ಕಿ ಮಾರಯ್ಯ ಒಂದು ದಿನ ಬೇಕಾದ್ದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ ಲಕ್ಕಮ್ಮ ಅದನ್ನು ತಿರುಗಿ ಸುರಿದು ಬರಲು ಹೇಳಿದ ಕಥೆಯನ್ನು ಪ್ರವಚನಗಳಲ್ಲಿ ಎಷ್ಟು ಸಲ ಕೇಳಿಲ್ಲ! ಬಡವರ ಸ್ವಾಭಿಮಾನದ ಕಥೆ ಅದು. ಶರಣರು ದಾನ ಎನ್ನದೆ ದಾಸೋಹ ಎಂದದ್ದು ಸುಮ್ಮನೆ ಅಲ್ಲ. ದಾನದಲ್ಲಿ ಕೊಡುವವನು ದೊಡ್ಡವನು. ದಾಸೋಹದಲ್ಲಿ ಕೊಡುವವನೇ ದಾಸ. ದಾಸನಾದವನು ಫೋಟೋದ ನಡುವೆ ನಿಲ್ಲುತ್ತಾನೆಯೆ?

ನಮ್ಮ ಮಠಗಳು ಮಾಡಿದ್ದು ಸಣ್ಣದಲ್ಲ. ನಾಗನೂರು ಶಿವಬಸವ ಸ್ವಾಮಿಗಳು ಬೆಳಗಾವಿಯಲ್ಲಿ ತೆರೆದ ಪ್ರಸಾದನಿಲಯದಿಂದ ಎಷ್ಟು ಬಡ ಮಕ್ಕಳು ಓದಿ ಮುಂದೆ ಬಂದರು! ಸಿದ್ಧಗಂಗೆಯಲ್ಲಿ ಜಾತಿ ಕೇಳದೆ ಸಾವಿರಾರು ಮಕ್ಕಳಿಗೆ ನಿತ್ಯ ಅನ್ನ, ಅಕ್ಷರ. ಆದರೆ ಇದೆಲ್ಲ ಮಠದ ಬಾಗಿಲಿಗೆ ಬಂದವರಿಗೆ. ಬರಲಾರದವರ ಪಾಡೇನು? ಹಾಸಿಗೆ ಹಿಡಿದ ಮುದುಕರು, ಮನಸ್ಸಿನ ಕಾಯಿಲೆಯವರು, ಹಿಂದೆ ದೇವದಾಸಿಯರಾಗಿದ್ದು ಇಂದಿಗೂ ಪಂಕ್ತಿಯ ಕೊನೆಯಲ್ಲೇ ಕೂಡುವ ತಾಯಂದಿರು?

"ಸರಕಾರ ಕೊಡುತ್ತದಲ್ಲ" ಎನ್ನುವವರಿದ್ದಾರೆ. ಕೊಡುತ್ತದೆ. 2013ರ ಆಹಾರ ಭದ್ರತಾ ಕಾಯ್ದೆಯಂತೆ ತಿಂಗಳಿಗೆ ತಲೆಗೆ 5 ಕೆಜಿ, ಅಂತ್ಯೋದಯ ಕುಟುಂಬಕ್ಕೆ 35 ಕೆಜಿ ಧಾನ್ಯ. ಅದು ಹಕ್ಕು, ಅದನ್ನು ಬಿಡಬಾರದು. ಆದರೆ ದುಡಿದು ಗೆರೆ ಸವೆದ ಹೆಬ್ಬೆರಳು ಯಂತ್ರಕ್ಕೆ ಹತ್ತುವುದಿಲ್ಲ. ಎದ್ದು ಒಲೆ ಹಚ್ಚಲಾರದವರಿಗೆ ಅಕ್ಕಿ ಅನ್ನವಾಗುವುದಿಲ್ಲ.

ಆದ್ದರಿಂದ ಪೂಜ್ಯರಲ್ಲಿ, ಬಳಗಗಳಲ್ಲಿ ನನ್ನ ವಿನಂತಿ. ಪ್ರತಿ ಮಠವೂ ತನ್ನ ಸುತ್ತಿನ ಹತ್ತು ಮನೆಗೆ ದಿನಕ್ಕೊಂದು ಹೊತ್ತು ಡಬ್ಬಿ ಮುಟ್ಟಿಸಲಿ. ಪಟ್ಟಿಯನ್ನು ತುದಿಯಿಂದ ಬರೆಯಲಿ, ಕಾರ್ಡ್ ನೋಡಿ ಅಲ್ಲ, ಒಲೆ ನೋಡಿ. ಇನ್ನೊಂದು ಮಾತು ಹೇಳಿದರೆ ಕೆಲವರಿಗೆ ಸಿಟ್ಟು ಬಂದೀತು. ಪ್ರಸಾದ ಎಲ್ಲರಿಗೂ ಎನ್ನುತ್ತೇವೆ, ಸರಿ. ಜಾತ್ರೆಯಲ್ಲಿ ಒಲೆಯ ಮುಂದೆ ಯಾರಿದ್ದಾರೆ, ಬಡಿಸುವ ಬಕೆಟ್ಟು ಯಾರ ಕೈಯಲ್ಲಿದೆ, ಎಂಜಲೆಲೆ ಎತ್ತುವವರು ಯಾರು, ಒಮ್ಮೆ ಎಣಿಸಿ ನೋಡಿರಿ. ಉಣ್ಣಲು ಕರೆದವರನ್ನು ಅಡಿಗೆಮನೆಗೂ ಕರೆಯದಿದ್ದರೆ ಬಸವಣ್ಣನವರ ಹೆಸರು ಹೇಳುವ ಅಧಿಕಾರ ನಮಗಿಲ್ಲ.

ಅಂದು ತಪ್ಪು ತಿಳಿದ ಮೇಲೆ ಶೆಡ್ಡಿಗೆ ಹೋದೆವು. ಚೀಲ ಇಸಿದುಕೊಂಡ ಹುಡುಗರು ಮರುದಿನ ತಾವೇ ಬಂದು ಹಿಟ್ಟು ನಾದಿ ಚಪಾತಿ ಬೇಯಿಸಿದರು, ನಾವು ಬೇಡವೆಂದರೂ ಕೇಳಲಿಲ್ಲ. ಈಗ ನಮ್ಮ ಬಳಗ ಹನ್ನೊಂದು ಮನೆಗೆ ರೊಟ್ಟಿ, ಪಲ್ಯ ಒಯ್ಯುತ್ತದೆ, ಕ್ಯಾಮೆರಾ ಇಲ್ಲದೆ. ಅಜ್ಜಿ ಸೋಮವಾರ ಸೋಮವಾರ ಒಂದು ಬಟ್ಟಲು ಬೆಳ್ಳುಳ್ಳಿ ಸುಲಿದು ಇಟ್ಟಿರುತ್ತಾರೆ. ಅದನ್ನು ನಾವು ತೆಗೆದುಕೊಂಡ ಮೇಲೆಯೇ ಅವರು ಡಬ್ಬಿಗೆ ಕೈ ಚಾಚುವುದು.